ಬಯಲಾಗ ಒಂಟಿ

ಮಸ್ಕಿಯ ಹುಸೇನಪ್ಪನಿಗೆ ಮಾತು ಕಡಿಮೆ. ಹುಟ್ಟಿನಿಂದ ಹಾಗಿರಲಿಲ್ಲ, ಕಸುಬು ಹಾಗೆ ಮಾಡಿತು. ಹಗಲು ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ಉಳಿದ ಹೊತ್ತು ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಕಾಮಿಕ್ಸ್ ಬರೆಯುವವನು. ಚೌಕದೊಳಗೆ ಚಿತ್ರ, ಚಿತ್ರದ ಬಾಯಿಂದ ಗುಳ್ಳೆ, ಗುಳ್ಳೆಯೊಳಗೆ ಮಾತು. ಗುಳ್ಳೆ ಸಣ್ಣದು, ಎಂಟು ಶಬ್ದ ಹಿಡಿದರೆ ಹೆಚ್ಚು. ಕಣ್ಣಿಗೆ ಕಂಡದ್ದನ್ನು ಬಾಯಿ ಹೇಳಬಾರದು ಎನ್ನುವುದು ಅವನ ನೇಮ. ಹತ್ತೊಂಬತ್ತು ವರ್ಷ ಈ ನೇಮ ಪಾಲಿಸಿದವನು ಮನೆಯಲ್ಲೂ ಎಂಟು ಶಬ್ದ ದಾಟದಿದ್ದರೆ ಅದರಲ್ಲಿ ಸೋಜಿಗವೇನಿಲ್ಲ.

ಗುಳ್ಳೆಯ ಮಾತು ಪುಸ್ತಕದ ಕನ್ನಡ. ಆದರೆ ಚಿತ್ರ ಹೇಗಿರಬೇಕೆಂದು ಕಲಾವಿದನಿಗೆ ಕೊಡುವ ಟಿಪ್ಪಣಿ ಅಚ್ಚಾಗುವುದಿಲ್ಲವಲ್ಲ, ಅದನ್ನು ಮನೆಮಾತಿನಲ್ಲೇ ಗೀಚುತ್ತಿದ್ದ. ಕಲಾವಿದನೆಂದರೆ ಲಿಂಗಸೂಗೂರಿನಲ್ಲಿ ಅಂಗಡಿ ಬೋರ್ಡು ಬರೆಯುವ ಅಜೀಮ್. ಇಬ್ಬರೂ ಮುಖಾಮುಖಿಯಾದದ್ದು ನಾಲ್ಕೈದು ಸಲ. ಉಳಿದ ವ್ಯವಹಾರವೆಲ್ಲ ಮೊದಲು ಬಸ್ಸಿನ ಕಂಡಕ್ಟರನ ಕೈಯಲ್ಲಿ, ಈಗ ಮೊಬೈಲಿನಲ್ಲಿ.

ಅವನು ಹಾಳೆ ಹಿಡಿದು ಓದಿದ್ದನ್ನು ಮೊದಲು ಕೇಳುತ್ತಿದ್ದವಳು ಹೆಂಡತಿ ಅಮರಮ್ಮ. ಅವಳು ನಕ್ಕರೆ ಕತೆ ಲಿಂಗಸೂಗೂರಿಗೆ, ನಗದಿದ್ದರೆ ಒಲೆಗೆ. ಎರಡು ವರ್ಷದ ಹಿಂದೆ ಜ್ವರವೆಂದು ಮಲಗಿದವಳು ಏಳಲಿಲ್ಲ. ಆಮೇಲೂ ಅವನು ತಿಂಗಳಿಗೊಂದು ಕತೆ ತಪ್ಪಿಸಲಿಲ್ಲ. ಕಳ್ಳ ಬಾವಿಗೆ ಬಿದ್ದ, ಕೋತಿ ಗೌಡರ ರುಮಾಲು ಕದ್ದಿತು. ಬರೆದು ಗೋಡೆಗೆ ಓದಿ ಹೇಳುತ್ತಿದ್ದ. ಗೋಡೆ ನಗುವುದೆಲ್ಲಿ ಬಂತು?

ಈ ಬೇಸಿಗೆಯಲ್ಲಿ ಮೊದಲ ಸಲ ತನ್ನದೇ ಕತೆ ಬರೆದ. ಹೆಂಡತಿಯನ್ನು ಕಳಕೊಂಡವನೊಬ್ಬ ಸಂತೆಗೆ ಹೋಗುತ್ತಾನೆ. ಒಬ್ಬರಿಗೆ ಎಷ್ಟು ಬದನೆಕಾಯಿ ಬೇಕೆಂದು ತಿಳಿಯದೆ ಸಂತೆಯೆಲ್ಲ ಅಲೆಯುತ್ತಾನೆ. ಇಷ್ಟೇ. ಅಮರಮ್ಮನಿಗೆ ತಾನು ಕೊಡಬಹುದಾದದ್ದು ಇದೊಂದೇ, ಇದು ಕೆಡಬಾರದು ಎಂದು ಹನ್ನೊಂದು ಸಲ ತಿದ್ದಿದ. ಕೊನೆಯ ಚೌಕದಲ್ಲಿ ಆ ಮನುಷ್ಯ ಒಬ್ಬನೇ ನಿಂತಿರಬೇಕು. ಅದಕ್ಕೆ ಬರೆದ ಟಿಪ್ಪಣಿ: "ಸಂತಿ ಎದ್ದು ಹೋಗ್ಯಾದ. ಬಯಲಾಗ ಒಂಟಿ. ಮಾತು ಬ್ಯಾಡ."

ಈ ಸೀಮೆಯ ಬಾಯಲ್ಲಿ ಮನೆ ಮನಿಯಾಗುತ್ತದೆ, ಆನೆ ಆನಿಯಾಗುತ್ತದೆ, ಒಂಟೆಯೂ ಒಂಟಿಯೇ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂತೆ ಅಜೀಮ್ ಬಯಲ ನಡುವೆ ಒಂದು ಒಂಟೆ ಬಿಡಿಸಿದ. ಪತ್ರಿಕೆಯವರಿಗೆ ಅವಸರ, ಹಾಗೇ ಅಚ್ಚಾಯಿತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹುಸೇನಪ್ಪ ಕೊನೆಯ ಚೌಕದವರೆಗೆ ಪುಟ ತಿರುವಿದ. ತನ್ನ ದುಃಖವಿರಬೇಕಾದಲ್ಲಿ ಒಂಟೆ ಕತ್ತು ಚಾಚಿ ಮೆಲುಕು ಹಾಕುತ್ತಿದೆ. ಸಾಲದ್ದಕ್ಕೆ ಸಂಪಾದಕರ ಫೋನು ಬೇರೆ: ಮಕ್ಕಳಿಗೆ ಒಂಟೆ ಬಹಳ ಹಿಡಿಸಿದೆ, ಅದರದೇ ಕತೆ ಮುಂದುವರಿಸಿ.

ಸಿಟ್ಟು ನೆತ್ತಿಗೇರಿ ಮರುದಿನವೇ ಲಿಂಗಸೂಗೂರಿನ ಬಸ್ಸು ಹತ್ತಿದ. ನಿನ್ನ ಕುಂಚವೂ ಬೇಡ, ನೀನೂ ಬೇಡ ಎನ್ನಲು ಹೋದವನಿಗೆ ಅಜೀಮ್ ಕುರ್ಚಿ ಒರೆಸಿ ಕೊಟ್ಟ. ಸಂತೆಯಲ್ಲಿ ಒಂಟೆ ಯಾಕೆಂದು ತನಗೂ ಅನುಮಾನ ಬಂದಿತ್ತು, ಆದರೆ ನೀವು ಬರೆದ ಮೇಲೆ ಅದಕ್ಕೊಂದು ಅರ್ಥ ಇರುತ್ತದೆಂದು ಕೇಳಲಿಲ್ಲ ಎಂದ.

"ಅದು ಪ್ರಾಣಿ ಅಲ್ಲೋ ಅಜೀಮ್," ಎಂದ ಹುಸೇನಪ್ಪ. "ಅದು ನಾನು."

ಅಜೀಮನಿಗೆ ತಲೆಬುಡ ತಿಳಿಯಲಿಲ್ಲ. ಅಮರಮ್ಮ ತೀರಿಕೊಂಡ ಸುದ್ದಿಯೇ ಅವನಿಗೆ ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಇಪ್ಪತ್ತನಾಲ್ಕು ಕತೆ ಕಳಿಸಿದ ಪುಣ್ಯಾತ್ಮ ಅದೊಂದು ಸಾಲು ಬರೆದಿರಲಿಲ್ಲ. ಹೇಳಿದರೆ ಅಳು ಬರುತ್ತದೆಂಬ ಹೆದರಿಕೆ. ಅದನ್ನೇ ಅವನು ಕಸುಬಿನ ನೇಮ ಎಂದುಕೊಂಡಿದ್ದ. ಈಗ ಹೇಳಿದ, ಹೇಳುತ್ತಲೇ ಅತ್ತ.

ಅಜೀಮ್ ಅರ್ಧ ಬರೆದ ಬೋರ್ಡನ್ನು ಪಕ್ಕಕ್ಕಿಟ್ಟ. ಆಮೇಲೆ ಹೊಸ ಹಾಳೆ ಹರಡಿದ. ಕತೆ ಮೊದಲಿಂದ ಬಿಡಿಸೋಣ, ಮೊದಲ ಚೌಕದಲ್ಲಿ ಅಮರಮ್ಮನವರೇ ನಗುತ್ತ ಕೂತಿರಲಿ, ಹೇಗಿದ್ದರು ಹೇಳಿ ಎಂದ. ಹುಸೇನಪ್ಪ ಹೇಳಿದ: ಗುಂಡು ಮುಖ, ಅಗಲ ಕುಂಕುಮ, ತುರುಬು. ಪೆನ್ಸಿಲ್ ಓಡಿತು. ನಕ್ಕರೆ ಒಂದು ಗಲ್ಲದಲ್ಲಿ ಗುಳಿ ಬೀಳುತ್ತಿತ್ತು ಎಂದ.

"ಯಾವ ಗಲ್ಲದಾಗರೀ?"

ಹುಸೇನಪ್ಪ ತನ್ನ ಎರಡೂ ಗಲ್ಲ ಮುಟ್ಟಿ ನೋಡಿಕೊಂಡ. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ಅವಳು ನಕ್ಕಿಲ್ಲ. ಎಡವೋ, ಬಲವೋ? ಆ ನಗುವಿನ ಸದ್ದು ಕಿವಿಯಲ್ಲಿ ಇನ್ನೂ ಇತ್ತು.

"ಗೊತ್ತಿಲ್ಲ," ಎಂದ. "ಅಕಿ ನಗೋ ಹೊತ್ತಿನ್ಯಾಗ ನಾ ಕಾಗದ ನೋಡತಿದ್ದೆ."