ಹೊಸ ರೂಟರಿಗೆ ಹಳೆಯ ಹೆಸರು

ನಮ್ಮ ಮನೆಯ ಸ್ವಿಚ್ಚುಗಳ ಮೇಲೆ ಧೂಳು ಕೂರುತ್ತದೆ. ಗೃಹಕೃತ್ಯದಲ್ಲಿ ನನ್ನ ಆಲಸ್ಯಕ್ಕೆ ಇದೇ ಸಾಕ್ಷಿಯೆಂದು ನೀವು ತೀರ್ಮಾನಿಸುವ ಮೊದಲೇ ಆರೋಪದ ಅರ್ಧಭಾಗವನ್ನು ಒಪ್ಪಿಕೊಂಡುಬಿಡುತ್ತೇನೆ. ಉಳಿದರ್ಧಕ್ಕೆ ಕಾರಣ ಬೇರೆಯಿದೆ. ಹೋದ ತಿಂಗಳ ಎರಡು ಮೂರು ದಿನ ಬಿಟ್ಟರೆ ಮೂರು ವರ್ಷಗಳಿಂದ ಈ ಮನೆಯಲ್ಲಿ ಯಾರೂ ಸ್ವಿಚ್ಚು ಒತ್ತುತ್ತಿಲ್ಲ. ಮುಟ್ಟದ ವಸ್ತುವಿನ ಮೇಲೆ ಧೂಳು ಕೂರುವುದು ಪ್ರಕೃತಿನಿಯಮ, ಕೂತದ್ದನ್ನು ಒರೆಸುವುದು ಗೃಹಿಣಿಯ ನಿಯಮ. ಇವೆರಡರಲ್ಲಿ ನನಗೆ ಮೊದಲನೆಯದರ ಮೇಲೆ ಗೌರವ ಹೆಚ್ಚು.

ಹೊನ್ನವಳ್ಳಿಯ ಅಂಚಿನಲ್ಲಿ, ತೆಂಗಿನ ತೋಟಕ್ಕೆ ಬೆನ್ನು ಕೊಟ್ಟು ನಿಂತ ಈ ಮನೆಯಲ್ಲಿ ದೀಪ, ಫ್ಯಾನು, ಗೀಸರುಗಳೆಲ್ಲ ಮಾತಿಗೆ ಓಗೊಡುತ್ತವೆ. ಒಟ್ಟು ಹದಿನಾಲ್ಕು ಆಜ್ಞಾಪಾಲಕರು. ಆಜ್ಞೆ ಕೊಡುವವರು ನನ್ನ ಯಜಮಾನರು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಇಡೀ ಮೈದಾನವನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಆ ಕಂಠ ನಿವೃತ್ತಿಯ ನಂತರವೂ ಕುಂದಲಿಲ್ಲ, ಕುಂದಿದ್ದು ಕೈಗಳು. ನಾಲ್ಕು ವರ್ಷದ ಹಿಂದೆ ಕತ್ತಿನ ನರ ಒತ್ತಿಕೊಂಡು, ಶಸ್ತ್ರಚಿಕಿತ್ಸೆಯ ನಂತರವೂ ಎರಡೂ ಕೈಯ ಬೆರಳುಗಳಲ್ಲಿ ಬಿಗಿ ಮರಳಲಿಲ್ಲ. ಕಾಲು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ; ಆದರೆ ಒಂದು ಸ್ವಿಚ್ಚು ಒತ್ತಲು, ಅಂಗಿಯ ಒಂದು ಗುಂಡಿ ಹಾಕಲು ಆಗದು. ಹಾಗಾಗಿ ಮೊದಲ ವರ್ಷ ಅವರು ದಿನವಿಡೀ ನನ್ನನ್ನು ಕರೆಯುತ್ತಿದ್ದರು. ದೀಪಕ್ಕೆ ಸರೋಜಾ, ಫ್ಯಾನಿಗೆ ಸರೋಜಾ, ಆರಿಸಲು ಮತ್ತೆ ಸರೋಜಾ.

ಆಗ ನಾನಿನ್ನೂ ತುರುವೇಕೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂದು ಭಾನುವಾರ ಉತ್ತರಪತ್ರಿಕೆಗಳ ರಾಶಿಯ ನಡುವೆ ಕೂತು, ಅಲಂಕಾರಗಳಿಗೆ ವಿದ್ಯಾರ್ಥಿಗಳು ಕೊಟ್ಟಿದ್ದ ಹೊಸ ಲಕ್ಷಣಗಳನ್ನು ಓದಿ ರಕ್ತ ಕುದಿಯುತ್ತಿದ್ದ ಹೊತ್ತಿನಲ್ಲಿ ಆರನೆಯ ಸಲವೋ ಏಳನೆಯ ಸಲವೋ ಕರೆ ಬಂತು. ಎದ್ದು ಹೋಗಿ ಫ್ಯಾನು ಹಾಕಿದೆ. ಹಾಕಿ, "ನಾನೇನು ನಿಮ್ಮ ಸ್ವಿಚ್ಚಾ?" ಎಂದೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ನನ್ನ ಒಂದು ಮಾತಿಗೆ ಅವರು ಎದುರಾಡದೆ ಇದ್ದದ್ದು ಅಂದು ಮಾತ್ರ, ಆ ಮೌನ ನನಗೆ ಈಗಲೂ ಚುಚ್ಚುತ್ತದೆ. ವಾರದೊಳಗೆ ತಿಪಟೂರಿನಿಂದ ಎಲೆಕ್ಟ್ರಿಷಿಯನ್ ರುದ್ರಪ್ಪನನ್ನು ಅವರೇ ಕರೆಸಿದರು. ಕೂಗಿದರೆ ಕೇಳುವ ಪೆಟ್ಟಿಗೆಯೊಂದು ಹಜಾರಕ್ಕೆ, ಇನ್ನೊಂದು ಅವರು ದಿನದ ಬಹುಪಾಲು ಕಳೆಯುವ ಹಿಂದಿನ ಕೋಣೆಗೆ ಬಂತು. ಅಂದಿನಿಂದ ಅವರ ಆಜ್ಞೆಗಳೆಲ್ಲ ಪೆಟ್ಟಿಗೆಗೆ ಮೀಸಲಾದವು. 'ಲೈಟ್, ಆನ್' ಎಂದು ಎರಡು ಪದಗಳ ನಡುವೆ ಅವರು ಕೊಡುತ್ತಿದ್ದ ವಿರಾಮವನ್ನು ಕೇಳಿದರೆ ದೀಪ ಹೊತ್ತುವುದಷ್ಟೇ ಅಲ್ಲ, ಎದೆಯುಬ್ಬಿಸಿ ನಿಂತೀತೇನೋ ಅನಿಸುತ್ತಿತ್ತು. ಪೆಟ್ಟಿಗೆಯೊಳಗಿನ ಹೆಣ್ಣುದನಿ ಎದುರು ಮಾತಾಡದೆ ಮೊದಲ ಕರೆಗೇ ವಿಧೇಯಳಾಗುವುದನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಇಷ್ಟು ಪೀಠಿಕೆ ಸಾಕು. ಹೋದ ತಿಂಗಳು ಹಿಂದಿನ ಕೋಣೆಯ ದೀಪಕ್ಕೆ ಇದ್ದಕ್ಕಿದ್ದಂತೆ ಕಿವಿ ಮಂದವಾಯಿತು. ಮೂರು ಸಲ ಕೂಗಿದರೆ ಒಮ್ಮೆ ಹೊತ್ತುವುದು, ಒಮ್ಮೊಮ್ಮೆ ಅದೂ ಇಲ್ಲ. ರೂಟರು ಮುದಿಯಾಯಿತೆಂದು ನಾನು ರೋಗನಿದಾನ ಮಾಡಿದೆ. ನಾನು ನಿದಾನ ಮಾಡಿದ ಮೇಲೆ ಔಷಧಿಗೆ ತಡವಾಗುವುದಿಲ್ಲ. ಇಂಟರ್ನೆಟ್ಟಿನವರಿಗೆ ಫೋನು ಮಾಡಿ ಜಗಳವಾಡಿ ಹೊಸದನ್ನು ತರಿಸಿದೆ. ಬಂದವರು ಅಟ್ಟದ ಬಾಯಲ್ಲಿದ್ದ ಹಳೆಯ ರೂಟರನ್ನು ಕಳಚಿಕೊಂಡು, ನಾಲ್ಕು ಕೊಂಬಿನ ಹೊಸದೊಂದನ್ನು ಅಲ್ಲೇ ಕೂರಿಸಿ ಹೋದರು. ಅವರ ಬೈಕು ಗೇಟು ದಾಟುವಷ್ಟರಲ್ಲಿ ಮನೆಯ ಹದಿನಾಲ್ಕೂ ವಸ್ತುಗಳು ಮೂಕವಾಗಿದ್ದವು. ಒಂದು ದೀಪಕ್ಕೆ ಕಿವಿ ಬರಿಸಲು ಹೋಗಿ ಇಡೀ ಮನೆಗೆ ಕಿವುಡು ಬರಿಸಿದ ವೈದ್ಯೆ ನಾನು.

ಇದನ್ನು ನಾನು ಅಷ್ಟೇನೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸ್ವಿಚ್ಚುಗಳಿವೆ, ನಾನಿದ್ದೇನೆ, ಎರಡು ದಿನ ಹೇಗೋ ಆಗುತ್ತದೆ ಅಂದುಕೊಂಡು ಮಧ್ಯಾಹ್ನ ತಿಪಟೂರಿಗೆ ಬಸ್ಸು ಹತ್ತಿದೆ. ಮರಳಿ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮನೆ ಕಪ್ಪಗಿತ್ತು. ಹಿಂದಿನ ಕೋಣೆಯಲ್ಲಿ ಅವರು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಎಂದರು. ಮರುದಿನ ಬೆಳಿಗ್ಗೆ ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಸ್ನಾನ ಮುಗಿಸಿ ನಡುಗುತ್ತ ನಿಂತಿದ್ದರು. ತಣ್ಣೀರು ಆರೋಗ್ಯಕ್ಕೆ ಒಳ್ಳೆಯದಂತೆ. ಅಂದು ಸಂಜೆ ನಾನು ಮನೆಯಲ್ಲೇ, ಹತ್ತು ಹೆಜ್ಜೆ ದೂರದಲ್ಲೇ ಇದ್ದರೂ ಆ ಕೋಣೆ ಮತ್ತೆ ಕತ್ತಲಾಯಿತು, ಕರೆ ಮಾತ್ರ ಬರಲಿಲ್ಲ. ಹೋಗಿ ದೀಪ ಹಾಕಿದೆ.

"ಕತ್ಲೇಲಿ ಯಾಕ್ರೀ ಕೂತಿದ್ದೀರಿ? ಒಂದು ಮಾತು ಕರೀಬಾರ್ದಾ?"

"ಕರೆದ್ರೆ ಕೈಲಿರೋ ಕೆಲಸ ಬಿಟ್ಟು ಬಂದ್ಬುಡ್ತೀಯ ಕಣೇ," ಎಂದರು. "ಅದಕ್ಕೇ."

ಕೋಪವಿದ್ದರೆ ಎದುರಿಸಬಹುದಿತ್ತು, ಆ ದನಿಯಲ್ಲಿ ಕೋಪ ಲವಲೇಶವೂ ಇರಲಿಲ್ಲ. ಮೂರು ವರ್ಷ ಯಂತ್ರದ ಮರೆಯಲ್ಲಿ ಅಡಗಿದ್ದ ನನ್ನ ಆ ಒಂದು ವಾಕ್ಯ ಹೊರಬಂದು ನಡುಮನೆಯಲ್ಲಿ ಕೂತಂತಾಯಿತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಅಳುವಿಗಿಂತ ಹಠ ನನಗೆ ಹೆಚ್ಚು ಅಭ್ಯಾಸವಾಗಿರುವ ರಸ. ಈ ಹದಿನಾಲ್ಕೂ ವಸ್ತುಗಳನ್ನು ಮಾತಾಡಿಸಿಯೇ ತೀರುತ್ತೇನೆಂದು ಕನ್ನಡಕ ಒರೆಸಿಕೊಂಡೆ.

ರುದ್ರಪ್ಪನಿಗೆ ಫೋನು ಮಾಡಿದರೆ ಆತ ಹುಳಿಯಾರಿನಲ್ಲಿ ಹೊಸ ಮನೆಯೊಂದರ ವೈರಿಂಗಿನಲ್ಲಿ ಮುಳುಗಿದ್ದ. "ಒಂದು ವಾರ ತಡ್ಕಳಿ ಅಮ್ಮಾವ್ರೆ," ಎಂದ. ವಾರವೆಂದರೆ ಏಳು ಸಂಜೆ ಮತ್ತು ಏಳು ತಣ್ಣೀರು ಸ್ನಾನ. ಅಂತರ್ಜಾಲದ ಪಂಡಿತರೊಬ್ಬರ ಉಪದೇಶದಂತೆ ನಾನೇ ಪ್ರತಿಯೊಂದು ದೀಪವನ್ನೂ ಐದು ಸಲ ಹಾಕಿ ಆರಿಸಿ, ಅದರ ಪೂರ್ವಸ್ಮೃತಿಯನ್ನು ಅಳಿಸಿ ಹೊಸ ರೂಟರಿನ ಪರಿಚಯ ಮಾಡಿಸಲು ಹೊರಟೆ. ಅರ್ಧ ದಿನದಲ್ಲಿ ಪರಿಚಯವಾದದ್ದು ಒಂದೇ ಒಂದು, ಅದೂ ಬಚ್ಚಲಿನ ದೀಪ. ಈ ವೇಗದಲ್ಲಿ ಹೋದರೆ ವಾರವೇ ವಾಸಿ ಅನ್ನಿಸಿ ಮತ್ತೆ ರುದ್ರಪ್ಪನ ಊಟದ ಹೊತ್ತನ್ನು ಹಾಳುಮಾಡಿದೆ.

"ಒಂದೊಂದಾಗಿ ಯಾಕ್ ಒದ್ದಾಡ್ತೀರಾ?" ಎಂದ ಆತ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಹಳೇದರ ಹೆಸ್ರು, ಹಳೇ ಪಾಸ್‌ವರ್ಡು, ಎರಡನ್ನೂ ಹೊಸದಕ್ಕೇ ಕೊಟ್ಬುಡಿ. ಬಲ್ಬಿಗೇನು ಗೊತ್ತಾಯ್ತದೆ? ಹಳೇದೇ ಅಂದ್ಕಂಡು ಎದ್ ಕೂತ್ಕೊತವೆ."

ಎಷ್ಟು ಸರಳ, ಎಷ್ಟು ಹಳೆಯ ಉಪಾಯ. ಮದುವೆಯಾಗಿ ಬಂದಾಗ ನನ್ನ ಅತ್ತೆಯವರು ನನಗೂ ತಮ್ಮ ತೀರಿಹೋದ ಅತ್ತೆಯ ಹೆಸರಿಡಲು ನೋಡಿದ್ದರು. ಮನೆಗೆ ಬಂದವಳು ಹೊಸಬಳಾದರೂ ಹೆಸರು ಹಳೆಯದೇ ಇದ್ದರೆ ಮನೆ ಮೊದಲಿನಂತೆಯೇ ನಡೆಯುತ್ತದೆಂಬ ನಂಬಿಕೆ ಆ ಕಾಲದ ಹಿರಿಯರಿಗೆ ಇತ್ತು. ನಾನು ಒಪ್ಪಿರಲಿಲ್ಲ, ಮೂರು ದಿನ ಊಟ ಬಿಟ್ಟು ನನ್ನ ಹೆಸರನ್ನು ಉಳಿಸಿಕೊಂಡಿದ್ದೆ. ಈಗ ನಾನೇ ಅತ್ತೆಯ ಸ್ಥಾನದಲ್ಲಿ ನಿಂತು ಹೊಸದಾಗಿ ಬಂದ ರೂಟರಿನ ಹೆಸರು ಬದಲಿಸಲು ಕೂತಿದ್ದೆ. ಅದು ಊಟ ಬಿಡಲಿಲ್ಲವೆಂಬುದೇ ಸಮಾಧಾನ.

ಹೆಸರು ನನ್ನ ಫೋನಿನಲ್ಲಿತ್ತು. ಪಾಸ್‌ವರ್ಡನ್ನು ಅದು ಬರಿಯ ಚುಕ್ಕಿಗಳಾಗಿ ತೋರಿಸುತ್ತಿತ್ತು. ಹಸುವಿನ ಹೆಸರೋ, ಮನೆದೇವರ ಹೆಸರೋ, ಮೇಷ್ಟ್ರ ಹುಟ್ಟಿದ ಇಸವಿಯೋ ಎಂದು ಲೆಕ್ಕ ಹಾಕಿದೆ, ಯಾವುದೂ ಚುಕ್ಕಿಗಳ ಎಣಿಕೆಗೆ ತಾಳೆಯಾಗಲಿಲ್ಲ. ರುದ್ರಪ್ಪನಿಗೂ ನೆನಪಿರಲಿಲ್ಲ, ಏಣಿಯ ಮೇಲೆ ನಿಂತಿದ್ದಾಗ ಅಲ್ಲೇ ಎಲ್ಲೋ ಗೀಚಿದ್ದೆ ಅಂದ. ನಮ್ಮ ಸೀಮೆಯ ಮನೆಗಳಲ್ಲಿ ಏಣಿಯ ಮೇಲೆ ನಿಂತವರು ಗೀಚುವ ಜಾಗ ಒಂದೇ, ಅಟ್ಟದ ತೊಲೆ. ತೆಂಗಿನಕಾಯನ್ನು ಅಟ್ಟಕ್ಕೆ ತುಂಬಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯ ಉಂಡೆಯಾಗುತ್ತದೆ. ತುಂಬಿದ ದಿನ ಮರೆಯದಿರಲೆಂದು ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ. ಮಂಡಿಗಳು ಸಲ್ಲಿಸಿದ ಆಕ್ಷೇಪಣೆಯನ್ನು ತಳ್ಳಿಹಾಕಿ ಏಣಿ ಹತ್ತಿದೆ. ತೊಲೆಯ ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ವರ್ಷವರ್ಷದ ದಿನಾಂಕಗಳಿದ್ದವು. ಅವರ ಕೈ ಸೋತ ವರ್ಷಕ್ಕೆ ಸಾಲು ನಿಂತಿತ್ತು. ಆಮೇಲೆ ಕಾಯನ್ನು ತೋಟದಿಂದಲೇ ಮಾರಿಬಿಡುತ್ತಿದ್ದೆವು, ಅಟ್ಟ ಬರಿದಾಗಿಯೇ ಇತ್ತು. ಅದರ ಕೆಳಗೆ ರುದ್ರಪ್ಪನ ವಕ್ರ ಬರಹದಲ್ಲಿ ಪಾಸ್‌ವರ್ಡು. ಅದಕ್ಕೂ ಕೆಳಗೆ, ಹೋದ ತಿಂಗಳು ಪಟ್ಟುಹಿಡಿದು ಅಟ್ಟ ತುಂಬಿಸಿದ ದಿನ ನಾನು ಬರೆದ ದಿನಾಂಕ.

ಎಂ.ಎ. ಮೌಖಿಕ ಪರೀಕ್ಷೆಗೂ ನಾನು ಅಷ್ಟು ಬೆವತಿರಲಿಲ್ಲ. ರೂಟರಿನ ಸೆಟ್ಟಿಂಗ್ಸೆಂಬ ಇಂಗ್ಲಿಷಿನ ಸಣ್ಣಕ್ಷರದ ಪುಟವನ್ನು ಫೋನಿನಲ್ಲಿ ತೆರೆದು, ಹೊಸ ರೂಟರು ಬೀರುವ ಎರಡು ಬಗೆಯ ಅಲೆಗಳನ್ನು ರುದ್ರಪ್ಪ ಹೇಳಿದಂತೆ ಬೇರ್ಪಡಿಸಿ, ನಮ್ಮ ಹಳೆಯ ದೀಪಗಳಿಗೆ ಅರ್ಥವಾಗುವ ನಿಧಾನದ ಅಲೆಗೆ ಹಳೆಯ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ಅಕ್ಷರವಾಗಿ ತುಂಬಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹಜಾರದ ಪೆಟ್ಟಿಗೆ ಠಣ್ ಎಂದಿತು. ಅಡುಗೆಮನೆ, ಜಗುಲಿ, ಗೀಸರು, ಗೇಟಿನ ದೀಪ, ಒಂದೊಂದಾಗಿ ಎದ್ದವು. ನಾನು ಮರುನಾಮಕರಣ ಮಾಡಿಟ್ಟಿದ್ದ ಬಚ್ಚಲಿನ ದೀಪವನ್ನೂ ಮತ್ತೆ ಬಳಗಕ್ಕೆ ಸೇರಿಸಿದೆ. ಏಳದೆ ಉಳಿದವು ಮೂರು: ಹಿಂದಿನ ಕೋಣೆಯ ಪೆಟ್ಟಿಗೆ, ಅಲ್ಲಿಯ ದೀಪ, ಅಲ್ಲಿಯ ಫ್ಯಾನು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವರ ಕೋಣೆಯೇ ಕಿವುಡು.

"ಅಮ್ಮಾವ್ರೆ, ಅಟ್ಟ ತುಂಬಿದ್ದೀರಾ?" ಎಂದು ರುದ್ರಪ್ಪ ಕೇಳಿದ. ತುಂಬಿದ್ದೇನೆ ಎಂದೆ. "ಮತ್ತೆ? ರೂಟರಿಗೂ ಆ ರೂಮಿಗೂ ನಡುವೆ ಅಷ್ಟು ಹಸೀಕಾಯಿ. ಒಳಗಿನ ನೀರು ಸಿಗ್ನಲ್ಲನ್ನ ಕುಡ್ದುಬುಡ್ತದೆ."

ಅಟ್ಟದ ಅಂಚಿನಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದೆ. ತುಂಬಿದ ನೀರು ಕುಲುಕಿತು. ಹಳೆಯ ರೂಟರಿಗೆ ಮುಪ್ಪಾಗಲಿ, ರೋಗವಾಗಲಿ, ಯಾವ ದೋಷವೂ ಇರಲಿಲ್ಲ. ನಾನೇ ಅದರ ಮುಂದೆ ಒಂದು ಕೆರೆ ಕಟ್ಟಿಸಿದ್ದೆ. ನಿರಪರಾಧಿಯೊಬ್ಬನನ್ನು ಜಗಳವಾಡಿ ಮನೆ ಬಿಡಿಸಿದ ಪಾಪಕ್ಕೆ ಕೂತಲ್ಲೇ ಕ್ಷಮೆ ಕೇಳಿ, ಅಟ್ಟದ ಕಾಯನ್ನೆಲ್ಲ ಇಳಿಸಿಬಿಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದೆ.

"ಬ್ಯಾಡ, ಮುಟ್ಟಬ್ಯಾಡ," ಎಂದರು ಅವರು. "ಎಷ್ಟು ವರ್ಷದ ಮೇಲೆ ಅಟ್ಟ ತುಂಬೈತೆ. ಒಣಗ್ಲಿ ಬುಡು. ಒಂದು ವರ್ಷ ತಾನೆ, ನಾನು ಹೆಂಗೋ ಇರ್ತೀನಿ."

ಹೇಗೋ ಇರುವುದನ್ನು ಎರಡು ದಿನ ಕಣ್ಣಾರೆ ಕಂಡಿದ್ದೆ. ಕಾಯಿ ಕದಲಬಾರದು ಎಂದರೆ ರೂಟರು ಕದಲಬೇಕು. ಅಟ್ಟದ ಕೆಳಗೆ, ಹಜಾರಕ್ಕೂ ಹಿಂದಿನ ಕೋಣೆಗೂ ನಡುವಿನ ಬಾಗಿಲ ನೆತ್ತಿಯ ಮೇಲೆ ಕೂರಿಸಿದರೆ ಎರಡು ಕಡೆಗೂ ದಾರಿ ತೆರೆದಿರುತ್ತದೆ. ಸುರುಳಿ ಸುತ್ತಿಟ್ಟಿದ್ದ ಹೆಚ್ಚುವರಿ ವೈರನ್ನು ಬಿಚ್ಚಿ ಕೆಳಗೆಳೆದುಕೊಂಡು, ಸುತ್ತಿಗೆ ಹಿಡಿದು ಸ್ಟೂಲು ಹತ್ತಿದೆ. ಮೇಷ್ಟ್ರು ಕೆಳಗೆ ನಿಂತು, ಕೈಯಿಂದ ಹಿಡಿಯಲಾಗದ ಸ್ಟೂಲನ್ನು ಮೊಣಕಾಲಿನಿಂದ ಒತ್ತಿಹಿಡಿದರು. "ಎಡಕ್ಕೆ. ಇನ್ನೂ ಎಡಕ್ಕೆ. ಅಲ್ಲೇ, ಹೊಡಿ," ಎಂದು ಅವರು ಆಜ್ಞೆ ಕೊಟ್ಟಂತೆಲ್ಲ ಮೊಳೆ ಹೊಡೆದೆ. ಎರಡು ಮೊಳೆ ಸೊಟ್ಟಗಾದವು, ಒಂದು ಏಟು ಹೆಬ್ಬೆರಳಿಗೆ ಬಿತ್ತು, ಗೋಡೆಯ ಗಾರೆ ಅವರ ತಲೆಗೆ ಉದುರಿತು. ಯಾರ ಶಿಸ್ತನ್ನೂ ಒಪ್ಪದೆ ಬೆಳೆದ ನಾನು ಅಂದು ಅವರ ಒಂದೊಂದು ಆದೇಶವನ್ನೂ ಪಾಲಿಸಿದೆ, ಪಾಲಿಸುವುದರಲ್ಲಿ ಸುಖವೂ ಇತ್ತು. ಕೆಲಸ ಮುಗಿದ ಮೇಲೆ ಅವರು ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, 'ಲೈಟ್' ಎಂದು ನಿಲ್ಲಿಸಿ, 'ಆನ್' ಎಂದರು. ಹೊತ್ತಿತು. ತಲೆಯ ಮೇಲಿನ ಗಾರೆಯ ಪುಡಿ ಆ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಮರುದಿನ ಸಂಜೆ ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದೆ. ಹಿಂದಿನ ಕೋಣೆಯಿಂದ "ಸರೋಜಾ" ಎಂಬ ಕೂಗು ಬಂತು. ಮತ್ತೇನು ಕೆಟ್ಟಿತೋ ಎಂದು ಮುದ್ದೆಕೋಲನ್ನು ಪಾತ್ರೆಯಲ್ಲೇ ಬಿಟ್ಟು ಓಡಿದೆ. ದೀಪ ಉರಿಯುತ್ತಿತ್ತು. ಫ್ಯಾನು ಹದವಾಗಿ ತಿರುಗುತ್ತಿತ್ತು.

"ಏನ್ರೀ? ಏನಾಯ್ತು?"

"ಏನೂ ಇಲ್ಲ ಕಣೇ," ಎಂದರು. "ಸುಮ್ನೆ ಕರೆದೆ."

ಬೇಕಾದದ್ದೇನೂ ಇಲ್ಲದೆ ಅವರು ನನ್ನನ್ನು ಕರೆದು ನಾಲ್ಕು ವರ್ಷವಾಗಿತ್ತು. ಒಲೆಯ ಮೇಲೆ ಮುದ್ದೆ ಗಂಟುಕಟ್ಟುತ್ತಿರುತ್ತದೆಂದು ನನಗೆ ಗೊತ್ತಿತ್ತು. ಕಟ್ಟಲಿ ಎಂದುಕೊಂಡು ಅವರ ಪಕ್ಕದ ಮಂಚದ ಮೇಲೆ ಕೂತೆ.