ಸುಳ್ಳು ಪತ್ತೆ ಪರೀಕ್ಷೆಯಲ್ಲಿ ನಾನು ಪಾಸಾದದ್ದು

ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ. ಬಾಯಿ ತೆರೆಯುವ ಮೊದಲೇ ಮುಖದಲ್ಲಿ ಗೊತ್ತಾಗಿಬಿಡುತ್ತದೆ ಎಂದು ಗಂಡ ಇವತ್ತಿಗೂ ನಗುತ್ತಾನೆ. ಈಚೆಗೆ ಆ ತಮಾಷೆ ನನಗೆ ಹಿಡಿಸುವುದಿಲ್ಲ.

ನೆದರ್ಲೆಂಡ್ಸಿನ ಆಮರ್ಸ್‌ಫೋರ್ಟಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಏಳು ವರ್ಷದಿಂದ ಇದ್ದೇನೆ. ನಮ್ಮ ನಾಲ್ಕು ಜನರ ತಂಡಕ್ಕೆ ಬೇರೆ ದೇಶದ ರಕ್ಷಣಾ ಸಂಸ್ಥೆಯೊಂದರ ಕೆಲಸ ಬಂದಿತ್ತು. ಮುಂದಿನ ಹಂತಕ್ಕೆ ಹೋಗಬೇಕಾದರೆ ನಾಲ್ವರಿಗೂ ಭದ್ರತಾ ಅನುಮತಿ ಸಿಗಬೇಕು. ಅಷ್ಟರಲ್ಲಿ ಲ್ಯಾಬಿನ ಕಂಪ್ಯೂಟರಿನಿಂದ ಹೊರಗೆ ಒಯ್ಯಬಾರದ ಒಂದು ಫೈಲನ್ನು ಯಾರೋ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದಾರೆ ಎಂಬುದು ದಾಖಲೆಯಲ್ಲಿ ಸಿಕ್ಕಿತು. ಆ ಕಂಪ್ಯೂಟರಿಗೆ ಎಲ್ಲರದೂ ಒಂದೇ ಪಾಸ್‌ವರ್ಡ್. ಹಾಗಾಗಿ ಯಾರು ಎಂದು ತಿಳಿಯಲಿಲ್ಲ.

ಇಳಿಸಿಕೊಂಡವಳು ನಾನು. ಮಗನಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂದಿತ್ತು, ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ನಿಂತಿತ್ತು. ಮನೆಯಲ್ಲಿ ಮುಗಿಸಿ, ಪೆನ್‌ಡ್ರೈವಿನಿಂದ ಅಳಿಸಿ, ಅದನ್ನು ಮರೆತೂ ಬಿಟ್ಟಿದ್ದೆ. ಮೀಟಿಂಗಿನಲ್ಲಿ ಕೇಳಿದಾಗ ಬಾಯಿಬಿಟ್ಟಿದ್ದರೆ ಬೈಸಿಕೊಂಡು ಮುಗಿದುಹೋಗುತ್ತಿತ್ತೇನೋ. ಉಳಿದ ಮೂವರೂ "ನಾನಲ್ಲ" ಎಂದರು, ಅವರ ಹಿಂದೆ ನಾನೂ ಅಂದೆ. ಒಮ್ಮೆ ಅಂದಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವ ಧೈರ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಯಿತು.

ಕೆಲಸ ಕೊಟ್ಟವರು ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಆಗಲೇಬೇಕು ಎಂದರು. ಡಚ್ಚರಿಗೆ ಅದರ ಮೇಲೆ ಅಷ್ಟೇನೂ ನಂಬಿಕೆಯಿಲ್ಲ, ನಮ್ಮ ಮ್ಯಾನೇಜರಮ್ಮನೇ ಮೂಗು ಮುರಿದರು. ಆದರೂ ಸ್ವಂತ ಇಚ್ಛೆಯಿಂದ ಒಪ್ಪಿದ್ದೇವೆ ಎಂಬ ಹಾಳೆಗೆ ನಾಲ್ವರೂ ಸಹಿ ಹಾಕಿದೆವು. ಸಹಿ ಹಾಕದಿದ್ದವರ ಬಗ್ಗೆ ಏನು ಅಂದುಕೊಳ್ಳುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ?

ತಂಡದಲ್ಲಿ ಕನ್ನಡದವನು ಇನ್ನೊಬ್ಬನಿದ್ದ. ಹುಬ್ಬಳ್ಳಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ. ಏನೂ ತಪ್ಪು ಮಾಡದೆ ಹೆದರುವ ಜಾತಿ ಅವನದು. ರೈಲಿನಲ್ಲಿ ಟಿಕೆಟ್ ನೋಡುವವರು ಬಂದರೆ ಸಾಕು, ಸ್ಟೇಷನ್ನಿನ ಯಂತ್ರಕ್ಕೆ ಟಿಕೆಟ್ ಕಾರ್ಡ್ ಒತ್ತಿಯೇ ಬಂದಿದ್ದರೂ ಎದ್ದು ನಿಂತು ಜೇಬು ತಡಕುತ್ತಿದ್ದ. ನಾನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ. ಅವನದು ಒಂದು ವರ್ಷದ ಒಪ್ಪಂದ. ಅವನು, ಅವನ ಹೆಂಡತಿ, ಮಗಳು ಈ ದೇಶದಲ್ಲಿರಲು ಸಿಕ್ಕ ಪರವಾನಗಿ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಮಗಳು ಆಗಷ್ಟೇ ಶಾಲೆಗೆ ಸೇರಿ ಡಚ್ ಹಾಡು ಕಲಿಯುತ್ತಿದ್ದಳು.

ಪರೀಕ್ಷೆ ದ ಹೇಗ್‌ನ ಒಂದು ಹೋಟೆಲಿನ ಕೋಣೆಯಲ್ಲಿ. ನಡೆಸುವವರು ವಿದೇಶದಿಂದ ಬಂದಿದ್ದ ಹಿರಿಯರು, ತುಂಬಾ ಮರ್ಯಾದಸ್ಥರು. ಎದೆಗೆ ಎರಡು ಪಟ್ಟಿ ಕಟ್ಟಿದರು, ತೋಳಿಗೆ ಬಿ.ಪಿ. ನೋಡುವ ಪಟ್ಟಿ, ಬೆರಳಿಗೆ ತಂತಿ. ಯಂತ್ರದ ಶಕ್ತಿ ನನಗೆ ಮನವರಿಕೆಯಾಗಲಿ ಎಂದು ಮೊದಲು ಒಂದು ಆಟ. ಒಂದರಿಂದ ಏಳರೊಳಗೆ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಚ್ಚಿಟ್ಟುಕೊಳ್ಳಬೇಕು. ಅವರು ಒಂದೊಂದೇ ಸಂಖ್ಯೆ ಕೇಳುತ್ತಾರೆ, ಎಲ್ಲಕ್ಕೂ ಇಲ್ಲ ಎನ್ನಬೇಕು.

ಕೊನೆಗೆ ಪರದೆ ನೋಡಿ, "ನೀವು ಬರೆದದ್ದು ಐದು" ಎಂದರು. ಗೆದ್ದ ಖುಷಿ ಅವರ ಮುಖದಲ್ಲಿ.

ನಾನು ಬರೆದದ್ದು ಎರಡು. ಆದರೆ ಅಪ್ಪನ ವಯಸ್ಸಿನವರಿಗೆ ಮುಖಕ್ಕೆ ಹೊಡೆದ ಹಾಗೆ ತಪ್ಪು ಎನ್ನುವುದು ಹೇಗೆ? ಬಡಿಸಿದವರು ಬೇಜಾರು ಮಾಡಿಕೊಂಡಾರು ಎಂದು ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಉಂಡು ಬೆಳೆದವಳು ನಾನು. "ಹೌದು, ಐದೇ" ಎಂದು ಚೀಟಿಯನ್ನು ಮುಷ್ಟಿಯಲ್ಲೇ ಮುದುಡಿಕೊಂಡೆ. ತೋರಿಸಿ ಎಂದು ಅವರು ಕೇಳಲೂ ಇಲ್ಲ.

ಅಲ್ಲಿಗೆ ನನ್ನ ಹೆದರಿಕೆ ಇಳಿದುಹೋಯಿತು. ಈ ಯಂತ್ರಕ್ಕೆ ಏನೂ ಗೊತ್ತಿಲ್ಲ ಎಂದು ಆ ಕೋಣೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಲ್ಯಾಬಿನ ಫೈಲನ್ನು ನೀವು ಇಳಿಸಿಕೊಂಡಿರಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲ ಎಂದೆ. ಅಂಗೈ ಬೆವರಲಿಲ್ಲ.

ಹೊರಗೆ ಬಂದಾಗ ಹುಬ್ಬಳ್ಳಿಯವನು ಕುರ್ಚಿಯ ತುದಿಯಲ್ಲಿ ಕೂತಿದ್ದ. "ಹ್ಯಾಂಗಿತ್ರಿ ಅಕ್ಕಾರ?" ಎಂದ. ಸಂಖ್ಯೆ ತಪ್ಪು ಹೇಳಿದರು ಎಂದು ಒಂದು ಮಾತು ಹೇಳಬಹುದಿತ್ತು. "ಏನಿಲ್ಲ ಕಣೋ, ಹೋಗ್ ಬಾ" ಅಂದೆ.

ಒಂದು ಗಂಟೆಯ ಮೇಲೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. "ನಾ ಬರದಿದ್ದು ಆರು ರೀ. ಆರು ಅಂತ ಹೇಳೇಬಿಟ್ರು! ಮನಸಿನಾಗಿಂದು ಓದತೈತ್ರಿ ಅದು."

"ಗೆಸ್ ಮಾಡಿರ್ತಾರೆ, ಟೆನ್ಷನ್ ಮಾಡ್ಕೋಬೇಡ."

"ಇಲ್ರಿ. ಆಮ್ಯಾಲೆ ಫೈಲಿನ ಪ್ರಶ್ನೆ ಬಂತಲ್ರಿ, ಎದಿ ಡವಡವ ಹೊಡಕೊಳ್ಳಾಕ ಹತ್ತಿತು. ತಡಕೋಬೇಕು ಅಂದಷ್ಟೂ ಜೋರಾತು."



ಎರಡು ವಾರದಲ್ಲಿ ಫಲಿತಾಂಶ ಬಂತು. ಮೂವರು ಪಾಸು. ಅವನ ಉತ್ತರಗಳು ಪ್ರಾಮಾಣಿಕವಲ್ಲ ಎಂದು ಬರೆದಿತ್ತು. ಅವತ್ತೇ ಅವನ ಬ್ಯಾಡ್ಜ್ ಕೆಲಸ ಮಾಡುವುದು ನಿಂತಿತು. ಒಪ್ಪಂದವನ್ನು ಮುಂದುವರಿಸುವುದಿಲ್ಲ, ಬೇಕಾದರೆ ಆಕ್ಷೇಪಣೆ ಸಲ್ಲಿಸಬಹುದು ಎಂದರು. ಒಪ್ಪಂದ ಮುಗಿದಮೇಲೆ ಬೇರೆ ಕೆಲಸ ಹುಡುಕಲು ಮೂರು ತಿಂಗಳು. ಸಿಗದಿದ್ದರೆ ಊರಿಗೆ.

ಅವನು ಆಕ್ಷೇಪಣೆಯಲ್ಲಿ ನನ್ನ ಹೆಸರು ಕೊಟ್ಟ. "ನೀವು ಪಾಸಾದವರು ಅಕ್ಕಾರ, ನಿಮ್ಮ ಮಾತು ಕೇಳತಾರ" ಎಂದ. ಗಾಜಿನ ಗೋಡೆಯ ಕೋಣೆಯಲ್ಲಿ ಎಚ್‌ಆರ್‌ನವಳು ನನ್ನನ್ನು ಕೂರಿಸಿಕೊಂಡು, ಈ ಫಲಿತಾಂಶ ತಪ್ಪಿರಬಹುದು ಎನ್ನಲು ನಿನಗೆ ಏನಾದರೂ ಗೊತ್ತೇ ಎಂದು ನೇರವಾಗಿ ಕೇಳಿದಳು. ಅವನು ಪ್ರಾಮಾಣಿಕ, ಸ್ವಭಾವತಃ ಪುಕ್ಕಲ, ಟಿಕೆಟ್ ಇದ್ದರೂ ನಡುಗುವವನು ಎಂದೆಲ್ಲ ಹೇಳಿದೆ. ಹೇಳಬೇಕಾಗಿದ್ದ ಒಂದನ್ನು ಬಿಟ್ಟು ಎಲ್ಲ ಹೇಳಿದೆ. ಮನೆ, ಮಗನ ಶಾಲೆ, ಪೌರತ್ವಕ್ಕೆ ನಾವು ಹಾಕಿದ್ದ ಅರ್ಜಿ ಕಣ್ಣ ಮುಂದೆ ಬಂದವು. ನೆನೆಸಿಕೊಂಡರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಎಚ್‌ಆರ್‌ನವಳು ಎಲ್ಲವನ್ನೂ ಬರೆದುಕೊಂಡು ಥ್ಯಾಂಕ್ಸ್ ಹೇಳಿದಳು.

ಮರು ಶನಿವಾರ ಅವನ ಮನೆ ಹತ್ತಿರದ ಆಟದ ಮೈದಾನದಲ್ಲಿ ಸಿಕ್ಕ. ಮಗಳು ಜಾರುಬಂಡೆಯ ಮೇಲಿದ್ದಳು. ಅವನು ಸೊರಗಿದ್ದ. ನಾಲ್ಕು ದಿನದಿಂದ ನಿದ್ದೆಯಿಲ್ಲ ಎಂದ. ಆಮೇಲೆ ದನಿ ತಗ್ಗಿಸಿದ.

"ಅಕ್ಕಾರ, ಆ ದಿವಸ ನಾನೂ ಲ್ಯಾಬಿನ್ಯಾಗ ಇದ್ದೆ. ನನ್ನ ಹತ್ರಾನೂ ಪೆನ್‌ಡ್ರೈವ್ ಇತ್ತು. ನಾನ ಕಾಪಿ ಮಾಡಿ ಮರತಿರಬಹುದೇನ್ರಿ?"

ನಾನು ಜಾರುಬಂಡೆಯ ಕಡೆ ನೋಡಿದೆ.

"ಮಷೀನಿಗೆ ನನ್ನ ಮ್ಯಾಲ ಏನು ಹಗೆತನ ಹೇಳ್ರಿ? ನನಗ ನೆನಪಿಲ್ಲ, ಅದಕ್ಕ ಕಾಣಸ್ತು. ಒಪ್ಕೊಂಡ್ಬಿಟ್ರ ಮುಂದಿನ ಕೆಲಸಕ್ಕ ಒಳ್ಳೇ ಲೆಟರ್ ಆದ್ರೂ ಕೊಟ್ಟಾರು. ನಿಮಗೇನ ಅನಸ್ತೈತಿ?"

ಇಲ್ಲ, ನೀನಲ್ಲ ಎಂದು ನಾನು ಅನ್ನಲಿ ಎಂದು ಕಾಯುತ್ತಿದ್ದ. ಕಣ್ಣು ನನ್ನ ಮುಖದ ಮೇಲೇ ಇತ್ತು. ಆ ಕಣ್ಣಿಗೂ ಏನೂ ಕಾಣಿಸಲಿಲ್ಲ.

"ಇರಬಹುದು ಕಣೋ" ಎಂದೆ.

ಅವನು ನಿಧಾನವಾಗಿ ತಲೆಯಾಡಿಸಿದ. ತಪ್ಪೊಪ್ಪಿಗೆಯ ಪತ್ರ ಬರೆದು ಕಳಿಸುತ್ತೇನೆ, ಇಂಗ್ಲಿಷ್ ಒಮ್ಮೆ ನೋಡಿಕೊಡಿ ಎಂದ. ಭಾನುವಾರ ಬೆಳಿಗ್ಗೆ ಕಳಿಸಿದ. ನಾನು ಎರಡು ಕಡೆ ತಿದ್ದಿ, ಈಗ ಸರಿಯಾಗಿದೆ ಎಂದು ಬರೆದು ವಾಪಸ್ ಕಳಿಸಿದೆ.