ಅತ್ತೆಯ ಹೆಸರಿನ ಹಿತ್ತಾಳೆ

ಹಳೆಯ ಹಿತ್ತಾಳೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಬೇಕು, ಆದರೆ ಪೂರ್ತಿ ಬೆಳಗಬಾರದು. ಕಂಠದ ಸಂದಿಯಲ್ಲಿ, ಬುಡದ ಅಂಚಿನಲ್ಲಿ ಸ್ವಲ್ಪ ಕಪ್ಪು ಉಳಿಸಬೇಕು. ಇಲ್ಲದಿದ್ದರೆ ಕೊಳ್ಳುವವರು ಹೊಸದೆಂದು ಮೂಗು ಮುರಿಯುತ್ತಾರೆ. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಕೆಲವು ವರ್ಷ, ಪುಣೆಯ ಕೋಥರೂಡದ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಕೂತು ನಾನೇ ಕಲಿತೆ.

ಆಗ ಪೇಟೆಯ ಪಾತ್ರೆ ಅಂಗಡಿಗಳಲ್ಲಿ ಹಳೆಯ ಹಿತ್ತಾಳೆ ರಾಶಿ ಬಿದ್ದಿರುತ್ತಿತ್ತು. ಹೆಂಗಸರು ಮನೆಯ ಹಂಡೆ, ಗಂಗಾಳಗಳನ್ನು ತಂದು ತೂಕಕ್ಕೆ ಹಾಕಿ, ಬದಲಿಗೆ ಥಳಥಳಿಸುವ ಸ್ಟೀಲ್ ಡಬ್ಬಿಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ಕರಗಿಸಲು ಹೋಗಬೇಕಾದ ಆ ರಾಶಿಯಿಂದ ನಾನು ಆರಿಸಿ ತರುತ್ತಿದ್ದೆ. ಟೆರೇಸಿನಲ್ಲಿ ಹಳೆಯ ಕೆಂಪು ಪರದೆ ಹಾಸಿ, ಮೇಲೆ ಪಾತ್ರೆ ಇಟ್ಟು ಫೋಟೊ ತೆಗೆದು, ಇಂಟರ್ನೆಟ್ಟಿನ ಹರಾಜಿನ ತಾಣವೊಂದರಲ್ಲಿ ಹಾಕುತ್ತಿದ್ದೆ. ಮುಂಬಯಿ, ದಿಲ್ಲಿಯ ಜನ ಕೊಳ್ಳುತ್ತಿದ್ದರು. ಗಂಗಾಳದಲ್ಲಿ ನೀರು ತುಂಬಿ ಹೂವಿನ ಎಸಳು ತೇಲಿಬಿಡುತ್ತಾರೆ ಎಂದು ಹೇಳಿದಾಗ ಅತ್ತೆ ನಂಬಲೇ ಇಲ್ಲ.

"ಗಂಗಾಳದಾಗ ಉಣ್ಣೂದ ಬಿಟ್ಟು ಹೂವ ತೇಲಿ ಬಿಡತಾರ? ಅವರ ತಲಿ ನೆಟ್ಟಗ ಅದ ಏನ?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಮೊದಮೊದಲು ನಾನು ತಾಣದಲ್ಲಿ 'ಹಳೆಯ ಹಿತ್ತಾಳೆ ತಂಬಿಗೆ' ಎಂದಷ್ಟೇ ಬರೆಯುತ್ತಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ಬೇಸರಕ್ಕೆ 'ನನ್ನ ಅತ್ತೆಯ ಮನೆತನದ್ದು, ತಲೆಮಾರುಗಳಿಂದ ಬಂದದ್ದು' ಎಂದು ಬರೆದೆ. ಸಂಜೆಯೊಳಗೆ ಹೋಯಿತು, ಅದೂ ನಾನು ಕನಸಿನಲ್ಲೂ ಕೇಳದ ಬೆಲೆಗೆ. ಅಲ್ಲಿಂದ ಮುಂದೆ ಆ ಪೇಟೆಯ ಗುಜರಿಯೆಲ್ಲ ನಮ್ಮತ್ತೆಯದಾಯಿತು. ಪಾಪ, ಅವರಿಗೆ ಇದು ಗೊತ್ತೇ ಇರಲಿಲ್ಲ.

ಅವರ ಹತ್ತಿರ ನಿಜವಾಗಿ ಇದ್ದದ್ದು ಒಂದೇ ಹಿತ್ತಾಳೆ ಪಾತ್ರೆ, ತಾಯಿ ಕೊಟ್ಟ ಒಂದು ತಂಬಿಗೆ, ಅವರ ಮಾತಿನಲ್ಲಿ ಚರಗಿ. ಕಲಬುರಗಿ ಕಡೆಯಿಂದ ಮಾವ ಪುಣೆಗೆ ಬಂದದ್ದು ಇಟ್ಟಿಗೆ ಹೊರಲು. ಆಮೇಲೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮಗ ಓದಿ ಫ್ಲ್ಯಾಟು ಕೊಳ್ಳುವವರೆಗೂ ಒಂದೇ ಕೋಣೆಯ ಸಂಸಾರ, ಅಲ್ಯೂಮಿನಿಯಂ ಪಾತ್ರೆಯ ಅಡಿಗೆ. ನಮ್ಮ ಕಡೆ ಅದಕ್ಕೆ ಜರ್ಮನ್ ಪಾತ್ರೆ ಎನ್ನುತ್ತಾರೆ.

ಇಂಥ ಮನೆಯ ಹಿರಿಯ ಮಗಳನ್ನು, ಎಂದರೆ ನನ್ನ ಗಂಡನ ಅಕ್ಕನನ್ನು, ಪುಣೆ ಹತ್ತಿರದ ಸಾಸವಡದವರು ನೋಡಲು ಬಂದಾಗ ಪಾತ್ರೆ ಪಡಗ ಏನು ಕೊಡುತ್ತೀರಿ ಎಂದು ಕೇಳಿದರಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಪಕ್ಕದಲ್ಲಿ ಕೂತು ಕಿವಿಯಲ್ಲಿ ಊದಿದರಂತೆ. ಅತ್ತೆ ಎದ್ದು ನಿಂತು, "ನಮ್ಮ ಹತ್ರ ಏನೂ ಇಲ್ರಿ. ಒಂದ ಹಿತ್ತಾಳಿ ಚರಗಿ ಅದ, ಅದು ನಮ್ಮವ್ವಂದು. ಅದನ್ನ ಕೊಡಂಗಿಲ್ಲ" ಎಂದುಬಿಟ್ಟರಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವ ಗಾದೆ ಇದೆ. ಇಲ್ಲಿ ಒದೆ ಬಿದ್ದದ್ದು ಹೇಳಿದವರಿಗಲ್ಲ. ಮದುವೆಯೇನೋ ಆಯಿತು, ಆದರೆ ಅಕ್ಕನಿಗೆ ಆ ಮನೆಯಲ್ಲಿ ವರ್ಷಗಟ್ಟಲೆ 'ಜರ್ಮನ್ ಡಬರಿಯ ಸೊಸೆ' ಎಂದೇ ಹೆಸರು. ಅತ್ತೆ ಈ ಕತೆಯನ್ನು ನನಗೆ ಹೆಮ್ಮೆಯಿಂದಲೇ ಹೇಳಿದ್ದರು. ನಾನೂ ಹೆಮ್ಮೆಯಿಂದಲೇ ಕೇಳಿದ್ದೆ.

ಒಂದು ಬೇಸಿಗೆಯಲ್ಲಿ ತೆರಿಗೆ ಕಚೇರಿಯಿಂದ ನನ್ನ ಹೆಸರಿಗೆ ಪತ್ರ ಬಂತು. ಬ್ಯಾಂಕಿನ ಖಾತೆಗೆ ಬಂದ ಹಣ ಎಲ್ಲಿಯದು, ರಿಟರ್ನ್ ಯಾಕೆ ತುಂಬಿಲ್ಲ, ಬಂದು ತಿಳಿಸಿ ಎಂದು. ಕಂಪ್ಯೂಟರಿನಲ್ಲಿ ಪಾತ್ರೆ ಮಾರಿದರೆ ಅದಕ್ಕೂ ತೆರಿಗೆ ಎಂದು ನನಗೆ ಹೊಳೆದೇ ಇರಲಿಲ್ಲ. ತೆರಿಗೆ ಎಂದರೆ ಅಂಗಡಿ ಇದ್ದವರಿಗೆ, ಬೋರ್ಡು ಹಾಕಿದವರಿಗೆ. ನನ್ನದು ಬಚ್ಚಲಲ್ಲಿ ನಡೆಯುವ ವ್ಯಾಪಾರ!

ಕರ್ವೆ ರಸ್ತೆಯ ಬಳಿ ಇದ್ದ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಓಡಿದೆ. ಅವರು ಮರಾಠಿಯಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮಾರಲಿಕ್ಕೆಂದೇ ಕೊಂಡು ಮಾರಿದರೆ ಅದು ವ್ಯಾಪಾರ, ಲಾಭ ತೋರಿಸಿ ತೆರಿಗೆ ಕಟ್ಟಬೇಕು. ಇಂಟರ್ನೆಟ್ಟಿನಲ್ಲಿ ಮಾರಿದರೂ ನಿಯಮ ಅದೇ, ಅಂಗಡಿಗೆ ಬಾಗಿಲಿಲ್ಲ ಅಷ್ಟೆ. ಆದರೆ ಮನೆಯಲ್ಲಿ ಬಳಸಿದ ಸ್ವಂತ ಪಾತ್ರೆಗಳನ್ನು ಮಾರಿದರೆ ಅದು ಅಟ್ಟ ಖಾಲಿ ಮಾಡಿದ ಹಾಗೆ, ಅದಕ್ಕೆ ತೆರಿಗೆಯಿಲ್ಲ. ಇಷ್ಟು ಹೇಳಿ, ನಾನು ಒಯ್ದಿದ್ದ ಹರಾಜಿನ ಪುಟಗಳನ್ನು ತಿರುವಿ ನೋಡಿದರು.

"ಎಲ್ಲ ಅತ್ತೆಯವರದು ಎಂದು ನೀವೇ ಬರೆದಿದ್ದೀರಲ್ಲ. ಹಾಗಾದರೆ ಚಿಂತೆ ಯಾಕೆ? ಇವೆಲ್ಲ ನಿಜವಾಗಿ ಅವರವೇ ತಾನೆ?"

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು "ಹೌದು" ಎಂದೆ. ಕಟ್ಟಬೇಕಾಗಿದ್ದ ತೆರಿಗೆ ದೊಡ್ಡದೇನಲ್ಲ, ಒಂದೆರಡು ಹಂಡೆಯ ಬೆಲೆ. ಆದರೆ ನನಗೆ ಆ ಹೊತ್ತಿನಲ್ಲಿ ತೆರಿಗೆ ಎಂಬ ಪದವೇ ಪೊಲೀಸು, ಜೈಲು ಎಂಬಂತೆ ಕೇಳುತ್ತಿತ್ತು. ಇದನ್ನು ಸಬೂಬು ಎಂದು ಹೇಳುತ್ತಿಲ್ಲ. ಸುಳ್ಳು ಸುಲಭವಾಗಿ ಕೈಗೆ ಸಿಕ್ಕಿತು, ಎತ್ತಿಕೊಂಡೆ. ತೆರಿಗೆ ಕಚೇರಿಯ ಸಾಹೇಬರು ಅತ್ತೆಯವರನ್ನೇ ಒಂದು ಮಾತು ಕೇಳಬಹುದು, ಜೊತೆಗೆ ಕರೆತನ್ನಿ ಎಂದರು ಸಲಹೆಗಾರರು.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ವಿಷಯ ತೆಗೆದೆ.

"ಅತ್ತ್ಯಾರ, ಅಲ್ಲಿ ಒಂದ ಮಾತ ಹೇಳಬೇಕ್ರಿ. ಆ ಪಾತ್ರಿ ಎಲ್ಲಾ ನಿಮ್ಮವು, ನೀವ ನನಗ ಮಾರಾಕ ಕೊಟ್ರಿ ಅಂತ."

ಅವರ ಕೈ ಮೊರದಲ್ಲೇ ನಿಂತಿತು. "ನಂದಲ್ಲದ್ದನ್ನ ನಂದು ಅನ್ನಲಾ?"

ನನಗೆ ಕಣ್ಣೀರು ಬಂತು. ಅದು ನಾಟಕವಲ್ಲ, ಹೆದರಿಕೆಯ ಕಣ್ಣೀರೇ. ಆದರೆ ಕೋಣೆಗೆ ಹೋಗಿ ಅಳಬಹುದಿತ್ತು. ಹೋಗದೆ ಅವರ ಎದುರಿಗೇ ಅಳುತ್ತ ಕೂತೆನಲ್ಲ, ಅದು ನಾಟಕ. ಅವರು "ಅಳಬ್ಯಾಡ ಬಿಡು, ಹೇಳತೀನಿ" ಎಂದು ಮತ್ತೆ ಜೋಳ ಕೇರತೊಡಗಿದರು.

ಕಚೇರಿಗೆ ಹೋಗುವ ಹಿಂದಿನ ದಿನ ಸಾಸವಡದಿಂದ ಅಕ್ಕ ಬಂದರು. ಅತ್ತೆಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಿಸಲು ತಾನೂ ಬರುತ್ತೇನೆ ಎಂದು ಹೊರಟೇಬಿಟ್ಟರು. ಯಾತಕ್ಕೆ ಹೋಗುವುದು ಎಂದು ಕೇಳಿದಾಗ ನಾನು "ಬ್ಯಾಂಕಿನ ಕೆಲಸ ಅಕ್ಕಾರ, ಅವ್ವಾರ ಒಂದ ಮಾತ ಹೇಳಬೇಕು, ಅಷ್ಟ" ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಳ್ಳಲ್ಲ. ರಿಕ್ಷಾದಲ್ಲಿ ಇಬ್ಬರ ನಡುವೆ ಕೂತು ದಾರಿಯುದ್ದಕ್ಕೂ ಏನೇನೋ ಹರಟಿದೆ.

ಕಚೇರಿಯ ಬಾಗಿಲಲ್ಲಿ ಕಾದಿದ್ದ ಸಲಹೆಗಾರರು ನಮ್ಮನ್ನು ಒಳಗೆ ಕರೆದೊಯ್ದರು. ಅಧಿಕಾರಿ ಸಭ್ಯ ಮನುಷ್ಯ. ಅತ್ತೆಗೆ ಕುರ್ಚಿ ಕೊಡಿಸಿದರು. ಅಕ್ಕ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಹಿಂದೆ ನಿಂತರು. ಈ ಪಾತ್ರೆಗಳೆಲ್ಲ ನಿಮ್ಮವೇನು ಅಜ್ಜಿ ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು. ಅತ್ತೆ ತಮ್ಮ ಕನ್ನಡದ ರಾಗದ ಮರಾಠಿಯಲ್ಲಿ, ನನ್ನವೇ ಸಾಹೇಬ, ಊರಿನ ಮನೆಯಲ್ಲಿದ್ದವು, ಸೊಸೆಗೆ ಕೊಟ್ಟೆ, ಮಾರಿಕೊಂಡಳು ಎಂದರು. ನಾನು ಹೇಳಿಕೊಟ್ಟಿದ್ದು ಅಷ್ಟೇ.

ಅಧಿಕಾರಿ ಫೋಟೊಗಳನ್ನು ಹತ್ತಿರ ಹಿಡಿದು ನೋಡಿದರು. "ಒಂದೊಂದರ ಮೇಲೆ ಒಂದೊಂದು ಮನೆತನದ ಹೆಸರು ಕೆತ್ತಿದೆಯಲ್ಲ?"

ಇದು ನನಗೆ ಹೊಳೆದೇ ಇರಲಿಲ್ಲ. ಅತ್ತೆ ಮಾತ್ರ ರೆಪ್ಪೆ ಅಲುಗಿಸಲಿಲ್ಲ. "ಮದುವೆಯಲ್ಲಿ ಉಡುಗೊರೆ ಕೊಟ್ಟವರು ತಮ್ಮ ಹೆಸರು ಹಾಕಿಸಿಯೇ ಕೊಡುತ್ತಾರೆ ಸಾಹೇಬ. ನಿಮ್ಮ ತಾಯಿಯ ಪಾತ್ರೆ ಮೇಲೆ ಇಲ್ಲವೇ?" ಎಂದರು.

ಅಧಿಕಾರಿ ಜೋರಾಗಿ ನಕ್ಕರು. ನಮ್ಮಲ್ಲೂ ಹಾಗೆಯೇ ಎಂದು ತಮ್ಮ ತಾಯಿಯ ಹಿಟ್ಟು ನಾದುವ ಪರಾತದ ಕತೆಯನ್ನೂ ಹೇಳಿದರು. ಕೆಲಸ ಮುಗಿಯಿತು. ಆದರೆ ಅಕ್ಕನ ಕೈ ಕುರ್ಚಿಯ ಮೇಲಿಂದ ಸರಿದದ್ದನ್ನು ನಾನು ನೋಡಿದ್ದೆ.

ಹೊರಗೆ ಬಂದ ಮೇಲೆ ಅಕ್ಕ ತಾಯಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದರು. "ಅವ್ವ, ಇಷ್ಟೆಲ್ಲಾ ಇತ್ತಾ ನಿನ್ನ ಹತ್ರ?"

ಅತ್ತೆ ನನ್ನ ಮುಖ ನೋಡಿದರು. ಸಲಹೆಗಾರರು ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅತ್ತೆ "ಹೂಂ ಯವ್ವಾ" ಎಂದರು. ಅಕ್ಕ ಕೋಥರೂಡಕ್ಕೆ ವಾಪಸು ಬರಲಿಲ್ಲ, ಹಾಗೇ ಸ್ವಾರಗೇಟಿಗೆ ಹೋಗಿ ಸಾಸವಡದ ಬಸ್ಸು ಹತ್ತಿದರು.

ಆ ವರ್ಷ ನಾಗರ ಪಂಚಮಿಗೆ ಅಕ್ಕ ಬರಲಿಲ್ಲ. ನಮ್ಮ ಕಡೆ ತವರಿಗೆ ಬರುವ ಹೆಣ್ಣುಮಕ್ಕಳು ಉಳಿದ ಹಬ್ಬ ತಪ್ಪಿಸಿದರೂ ಪಂಚಮಿ ತಪ್ಪಿಸುವುದಿಲ್ಲ. ಅತ್ತೆ ಮೊಣಕಾಲು ನೋವಿನಲ್ಲೇ ಕೂತು ಉಂಡಿ ಕಟ್ಟಿದ್ದರು. ಗೇಟಿನಲ್ಲಿ ರಿಕ್ಷಾ ನಿಂತ ಸದ್ದಾದರೆ ಸಾಕು, ಬಾಲ್ಕನಿಗೆ ಹೋಗಿ ಬಗ್ಗಿ ನೋಡುತ್ತಿದ್ದರು. ಫೋನು ಮಾಡಿದರೆ ಅಕ್ಕ ಚೆನ್ನಾಗಿಯೇ ಮಾತಾಡುತ್ತಿದ್ದರು, ಬರುತ್ತೇನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಉಂಡಿ ಡಬ್ಬಿಯಲ್ಲೇ ಉಳಿದು ಮುಗ್ಗಲು ವಾಸನೆ ಬಂತು. ಅವನ್ನು ಚೆಲ್ಲುವಾಗ ನನಗೆ ಅತ್ತೆಯ ಕಡೆ ನೋಡಲಾಗಲಿಲ್ಲ.

ನಾನು ಸಲಹೆಗಾರರ ಹತ್ತಿರ ಹೋಗಿ ಇನ್ನು ಮುಂದೆ ವ್ಯಾಪಾರವೆಂದೇ ತೋರಿಸಿ ತೆರಿಗೆ ಕಟ್ಟುತ್ತೇನೆ ಎಂದೆ. "ಅತ್ತೆಯವರ ಅಟ್ಟ ಖಾಲಿಯಾಯಿತೇ?" ಎಂದು ಅವರು ನಕ್ಕರು. ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಸರಕಾರದ ಜೊತೆ ಹೀಗೆ ಸರಿಮಾಡಿಕೊಳ್ಳುವುದು ಸುಲಭ. ಅದಕ್ಕೆ ಕಿಟಕಿ ಇದೆ, ರಸೀದಿ ಇದೆ.

ದೀಪಾವಳಿಗೂ ಅಕ್ಕ ಬಾರದಿದ್ದಾಗ ಅತ್ತೆ ತಾಯಿಯ ತಂಬಿಗೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಪಾತ್ರಿ ತನಗ ಕೊಡಲಿಲ್ಲಂತ ಸಿಟ್ಟಾಗ್ಯಾಳ. ನೀ ಹೋಗಿ ಖರೆ ಹೇಳಿ ಬಾ. ಇದನ್ನ ಆಕಿಗೆ ಕೊಡು."

ಸಾಸವಡದಲ್ಲಿ ಅಕ್ಕ ಪಡಸಾಲೆಯಲ್ಲಿ ಕೂತು ಪೇಟೆಗೆ ಹೋಗುವ ಸೀತಾಫಲಗಳನ್ನು ಬುಟ್ಟಿಗೆ ಆರಿಸಿ ಹಾಕುತ್ತಿದ್ದರು. ಬಾ ಎಂದರು, ನೀರು ಕೊಟ್ಟರು, ಮತ್ತೆ ಕೆಲಸಕ್ಕೆ ಕೂತರು. ನಾನು ಎಲ್ಲವನ್ನೂ ಹೇಳಿದೆ. ಗುಜರಿ ಅಂಗಡಿ, ಹರಾಜಿನಲ್ಲಿ ಬರೆದ ಸುಳ್ಳು, ತೆರಿಗೆಯ ಭಯ, ಮೊರದ ಎದುರಿನ ನನ್ನ ಕಣ್ಣೀರು. "ಅವ್ವಾರದೇನೂ ತಪ್ಪಿಲ್ರಿ ಅಕ್ಕಾರ. ಪಾತ್ರಿ ಇರಲೇ ಇಲ್ಲ. ನಾನ ಹೇಳಿಸಿದ್ದು" ಎಂದು ತಂಬಿಗೆಯನ್ನು ಮುಂದಿಟ್ಟೆ.

ಅವರು ಹಣ್ಣು ಆರಿಸುತ್ತಲೇ ಇದ್ದರು. "ನನಗ ಗೊತ್ತಿಲ್ಲೇನು? ಆ ಒಂದ ಖೋಲ್ಯಾಗ ಹುಟ್ಟಿ ಬೆಳದಾಕಿ ನಾ. ಊರಾಗ ಏನಿತ್ತು, ಮಣ್ಣು? ಅವತ್ತ, ಅಲ್ಲೇ ನಿಂತಾಗ ಗೊತ್ತಾತು."

"ಮತ್ತ ಯಾಕ್ರಿ..."

ಅಕ್ಕ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟರು.

"ನನ್ನ ಮದುವಿ ಮಾತಿನ್ಯಾಗ ಅವ್ವ ಒಂದ ಸುಳ್ಳ ಹೇಳಿದ್ರ ಸಾಕಿತ್ತವಾ. ಊರಾಗ ಪಾತ್ರಿ ಅವ, ಆಮ್ಯಾಲೆ ಕೊಡತೀವಿ ಅಂದಿದ್ರ ಸಾಕಿತ್ತು. ಈ ಮನ್ಯಾಗ ಜರ್ಮನ್ ಡಬರಿ ಅನ್ನಿಸಿಕೊಂಡಾಗೆಲ್ಲಾ, ಹೋಗಲಿ, ನಮ್ಮವ್ವಗ ಸುಳ್ಳ ಹೇಳಾಕ ಬರಂಗಿಲ್ಲ ಅಂತ ಸಮಾಧಾನ ಮಾಡಕೊಂಡೆ." ಹಣ್ಣನ್ನು ಮತ್ತೆ ಕೈಗೆತ್ತಿಕೊಂಡು ಅಂದರು, "ಬರತದ. ಭಾಳ ಚಂದ ಬರತದ."

ನನಗೆ ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು. ಹೊರಡುವಾಗ ಅಕ್ಕ ತಂಬಿಗೆಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿ, ಜೊತೆಗೆ ಒಂದು ಚೀಲ ಸೀತಾಫಲ ಕೊಟ್ಟರು. "ಇದನ್ನ ಅವ್ವಗ ವಾಪಸ್ ಕೊಡು. ಇದೊಂದ ಖರೇನ ಆಕಿದು" ಎಂದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಚೀಲಕ್ಕಿಂತ ಮೊದಲು ತಂಬಿಗೆ ಅವರ ಕಣ್ಣಿಗೆ ಬಿತ್ತು.

"ಖರೆ ಹೇಳಿದ್ಯಾ?"

"ಹೇಳಿದೆ ಅತ್ತ್ಯಾರ."

"ನಂಬಿದಳಾ?"

"ಮೊದಲೇ ಗೊತ್ತಿತ್ತಂತ್ರಿ."

ಅತ್ತೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸೀರೆಯ ತುಂಡು ಬಿಚ್ಚಿದರು. ಆಮೇಲೆ ಏನೂ ತಿಳಿಯದವರಂತೆ ನನ್ನನ್ನೇ ಕೇಳಿದರು.

"ಹಂಗಾರ ಸಿಟ್ಟ ಯಾತಕ್ಕಂತ?"

ನಾನು ಚಪ್ಪಲಿ ಬಿಚ್ಚುವ ನೆಪದಲ್ಲಿ ಕೆಳಗೆ ಬಗ್ಗಿದೆ.

"ಗೊತ್ತಿಲ್ರಿ" ಎಂದೆ.